ತಿಳಿಯದೆಂಬುದು ಬೇರೆ, ಬಾರದೆಂಬುದು ಬೇರೆ

ಶ್ರೀಹರಿವಾಯುಗುರುಗಳಿಗೆ ನಮಿಸಿ, ಆಸ್ತಿಕ ಬಂಧುಗಳ ಮುಂದೆ ಒಂದು ಸಣ್ಣ ವಿಷಯವನ್ನು ವಿಚಾರಕ್ಕಾಗಿ ಇಡಲು ಬಯಸುತ್ತೇನೆ. ವಿಷಯ ಸಣ್ಣದಾದರೂ ಅದರಿಂದ ಒದಗುವ ಹಾನಿ ಸಣ್ಣದಲ್ಲ. ವಯಸ್ಸಾದ ಮೇಲೆ ಹೊಸತೊಂದನ್ನು ಕಲಿಯಲು ಕುಳಿತವನು, ಪಾಠ ಮುಗಿಯುವ ಮೊದಲೇ ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡು ಎದ್ದುಹೋಗುವುದೇಕೆ? ಅಂಥ ತೀರ್ಪು ಕೊಡುವ ಅಧಿಕಾರ ಅವನಿಗೆ ಉಂಟೇ? ಇಷ್ಟೇ ಪ್ರಶ್ನೆ. ಶಾಸ್ತ್ರಪಂಡಿತನಾಗಿ ನಾನಿದನ್ನು ಬರೆಯುತ್ತಿಲ್ಲ. ಎದ್ದುಹೋಗಲು ಸಿದ್ಧನಾಗಿದ್ದ ಒಬ್ಬ ವಿದ್ಯಾರ್ಥಿಯಾಗಿ ಬರೆಯುತ್ತಿದ್ದೇನೆ.

ಚೆನ್ನೈ ನಗರದಲ್ಲಿ ಕನ್ನಡವನ್ನಾಡುವ ಮಾಧ್ವ ಕುಟುಂಬಗಳ ಸ್ಥಿತಿ ವಾಚಕರಿಗೆ ಅವಿದಿತವಲ್ಲ. ನಮ್ಮಲ್ಲಿ ಕೆಲವರ ಪೂರ್ವಿಕರು ತಂಜಾವೂರು, ಕುಂಭಕೋಣಗಳ ಕಡೆ ಅನೇಕ ತಲೆಮಾರುಗಳ ಹಿಂದೆಯೇ ನೆಲೆಸಿದವರು. ಮತ್ತೆ ಕೆಲವರು ಬಳ್ಳಾರಿ, ದಕ್ಷಿಣ ಕನ್ನಡಗಳಿಂದ ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಬಂದವರ ಮಕ್ಕಳು, ಮೊಮ್ಮಕ್ಕಳು. ಬಳ್ಳಾರಿ 1953ರ ವರೆಗೆ, ದಕ್ಷಿಣ ಕನ್ನಡ 1956ರ ವರೆಗೆ ಮದ್ರಾಸಿನ ಆಡಳಿತಕ್ಕೇ ಸೇರಿದ್ದ ಕಾರಣ ಆ ಕಾಲದಲ್ಲಿ ಈ ಊರು ಅವರಿಗೆ ಪರಸ್ಥಳವಾಗಿರಲಿಲ್ಲ, ರಾಜಧಾನಿಯೇ ಆಗಿತ್ತು. ಬಂದ ದಾರಿ ಯಾವುದಾದರೂ ಫಲ ಒಂದೇ ಆಯಿತು: ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ತಮಿಳು, ಕಚೇರಿಯ ಬರಹ ಇಂಗ್ಲಿಷ್. ದೇವರನಾಮಗಳು ನಮಗೆ ಕಿವಿಯಿಂದ ಬಂದವು, ಕಣ್ಣಿನಿಂದ ಬರಲಿಲ್ಲ.

ನಾನೂ ಅಂಥವನೇ ಒಬ್ಬ. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ನುಂಗಂಬಾಕ್ಕಂನ ಹಳೆಯ ಕೆರೆಯ ನೆಲದ ಮೇಲೆ 1976ರಲ್ಲಿ ಎದ್ದ ವಳ್ಳುವರ್ ಕೋಟ್ಟಂನಲ್ಲಿ ಕಲ್ಲಿನ ಮೇಲೆ ಕೊರೆದಿರುವ 1330 ಕುರಳ್‌ಗಳಲ್ಲಿ ಯಾವುದನ್ನು ತೋರಿಸಿದರೂ ಸರಾಗವಾಗಿ ಓದಬಲ್ಲೆ. ಆದರೆ ನಮ್ಮ ಶಾಖೆಯಲ್ಲಿ ಹರಿಕಥಾಮೃತಸಾರದ ಪಾರಾಯಣಕ್ಕೆ ಕುಳಿತಾಗ ನನ್ನ ಮನೆಮಾತಿನದೇ ಆದ ಒಂದು ಷಟ್ಪದಿಯನ್ನು ಓದಲಾರೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕನ್ನಡ ಪುಸ್ತಕವನ್ನು ತೆರೆದು ಹಿಡಿದುಕೊಳ್ಳುತ್ತಿದ್ದೆ. ಬಾಲ್ಯದಿಂದ ಕೇಳಿದ ಪದ್ಯಗಳಾದುದರಿಂದ ತುಟಿ ತಾನಾಗಿ ಆಡುತ್ತಿತ್ತು. ಪಕ್ಕದವರು ಹಾಳೆ ತಿರುವಿದಾಗ ನಾನೂ ತಿರುವುತ್ತಿದ್ದೆ. ಹೀಗೆ ವರ್ಷಗಟ್ಟಲೆ ಕಳೆಯಿತು.

ಒಂದು ದಿನ ಪಾರಾಯಣವನ್ನು ನಡೆಸುತ್ತಿದ್ದ ಯುವಕರು, ಪ್ರತಿಯೊಬ್ಬರೂ ಒಂದೊಂದು ಪದ್ಯವನ್ನು ಬೇರೆಯಾಗಿ ಓದಬೇಕೆಂದರು. ನನ್ನ ಸರದಿ ಬಂದಿತು. ಕನ್ನಡಕವನ್ನು ಮರೆತು ಬಂದಿದ್ದೇನೆ ಎಂದೆ. ಕನ್ನಡಕ ಅಂಗಿಯ ಜೇಬಿನಲ್ಲಿಯೇ ಇತ್ತು. ದೇವರ ಎದುರಿನಲ್ಲಿ ಕುಳಿತು, ದೇವರ ಗುಣಗಳನ್ನು ವರ್ಣಿಸುವ ಗ್ರಂಥವನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳಿದೆನಲ್ಲ ಎಂಬ ಕೊರಗು ಆ ರಾತ್ರಿ ನಿದ್ರೆಯನ್ನು ಕೊಡಲಿಲ್ಲ. ಮುಂದಿನ ಶನಿವಾರದಿಂದ ಶಾಖೆಯ ಮಹಡಿಯ ಮೇಲೆ ನಡೆಯುತ್ತಿದ್ದ ಕನ್ನಡ ಅಕ್ಷರಾಭ್ಯಾಸದ ವರ್ಗಕ್ಕೆ ಹೋಗಿ ಕುಳಿತೆ. ಆಗ ನನಗೆ 61 ವರ್ಷ.

ವರ್ಗದಲ್ಲಿ ಹನ್ನೊಂದು ಮಂದಿ. ಬಹುತೇಕರು ಗೃಹಸ್ಥರು, ಗೃಹಿಣಿಯರು. ಒಂಬತ್ತು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಪಾಠ ಹೇಳುವವರು ಬಳ್ಳಾರಿಯ ಕಡೆಯ ಒಬ್ಬ ಹಿರಿಯ ತಾಯಿ. ತಮಿಳು ಬಲ್ಲವನಿಗೆ ಕನ್ನಡ ಲಿಪಿ ಸುಲಭವೆಂದು ಎಣಿಸಿದ್ದೆ. ತೊಡಕು ಇದ್ದದ್ದೇ ಅಲ್ಲಿ. ತಮಿಳಿನ ಮೂಲ ವ್ಯಂಜನಗಳು 18, ಕನ್ನಡದಲ್ಲಿ ವರ್ಗೀಯ ವ್ಯಂಜನಗಳೇ 25. ಕ, ಖ, ಗ, ಘ ಎಂಬ ನಾಲ್ಕಕ್ಕೂ ತಮಿಳಿನಲ್ಲಿ ಅಕ್ಷರ ಒಂದೇ. ಉಚ್ಚಾರವನ್ನು ಶಬ್ದದೊಳಗಿನ ಸ್ಥಾನ ತಿಳಿಸಿಕೊಡುತ್ತದೆ. ತಮಿಳಿನ ಮಟ್ಟಿಗೆ ಇದು ಕೊರತೆಯಲ್ಲ, ಆ ಭಾಷೆಗೆ ಅಷ್ಟೇ ಸಾಕು. ಆದರೆ ಸಂಸ್ಕೃತದ ಸ್ತೋತ್ರವನ್ನೋ ನಮ್ಮ ದಾಸರ ಪದವನ್ನೋ ಆ ಲಿಪಿಯಲ್ಲಿ ಬರೆದರೆ 'ಗುರು' ಎಂಬುದಕ್ಕೂ 'ಕುರು' ಎಂಬುದಕ್ಕೂ ಬರಹ ಒಂದೇ ಆಗಿಬಿಡುತ್ತದೆ. 'ಭಾರ'ವೂ 'ಪಾರ'ವೂ ಒಂದೇ ಆಗುತ್ತವೆ. ಇದಕ್ಕಾಗಿಯೇ ತಮಿಳು ಲಿಪಿಯಲ್ಲಿ ಅಚ್ಚಾದ ಸ್ತೋತ್ರಪುಸ್ತಕಗಳಲ್ಲಿ ಅಕ್ಷರದ ಮಗ್ಗುಲಿಗೆ 2, 3, 4 ಎಂಬ ಸಣ್ಣ ಅಂಕಿಗಳನ್ನು ಇಡುವ ಪದ್ಧತಿ ಬಂದಿದೆ. ನಮ್ಮ ಮನೆಗಳಲ್ಲಿ ಅನೇಕರು ವಿಷ್ಣುಸಹಸ್ರನಾಮವನ್ನು ಓದಿರುವುದು ಈ ಅಂಕಿಗಳ ಕೈಹಿಡಿದೇ.

ಕನ್ನಡದಲ್ಲಿ ಅಂಕಿಗಳಿಲ್ಲ. 'ಬ'ಗೂ 'ಭ'ಗೂ ಇರುವ ಭೇದ ಅಕ್ಷರದ ಹೊಟ್ಟೆಯಡಿಯ ಒಂದು ಸಣ್ಣ ಸೀಳು. 'ದ'ಗೂ 'ಧ'ಗೂ ಅದೇ. ಅರವತ್ತು ವರ್ಷ ಒಂದೇ ಅಕ್ಷರವನ್ನು ನೋಡಿ ರೂಢಿಯಾದ ಕಣ್ಣು ಈ ಸೀಳನ್ನು ಕಾಣುವುದೇ ಇಲ್ಲ. ಒತ್ತಕ್ಷರಗಳಂತೂ ಬೇರೆಯ ಪ್ರಪಂಚ. ಇಷ್ಟೆಲ್ಲದರ ಮೇಲೆ ಷಟ್ಪದಿಯ ನಡೆ. ಭಾಮಿನಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ ಎಂಬ ಹೆಜ್ಜೆಗಳು ಒಂದರ ಹಿಂದೊಂದು ಬರಬೇಕು. ಅಕ್ಷರ ಅಕ್ಷರಕ್ಕೆ ತಡವರಿಸುವವನ ಬಾಯಲ್ಲಿ ಆ ನಡೆ ಕುಂಟುತ್ತದೆ. ಕಿವಿಗೆ ಬಾಲ್ಯದಿಂದ ತಿಳಿದಿದ್ದ ಪದ್ಯವೇ ಕಣ್ಣಿನಿಂದ ಓದುವಾಗ ಅಪರಿಚಿತವಾಗುತ್ತಿತ್ತು.

ಮೂರನೆಯ ವಾರ ಒಂದು ಸಾಲಿನಲ್ಲಿ ನಾಲ್ಕು ತಪ್ಪು ಮಾಡಿದೆ. ನನ್ನ ಪಕ್ಕದ ಹುಡುಗಿ ಅದೇ ಸಾಲನ್ನು ತಡೆಯಿಲ್ಲದೆ ಓದಿದಳು. ಪುಸ್ತಕವನ್ನು ಮುಚ್ಚಿಟ್ಟೆ. ಉಪಾಧ್ಯಾಯಿನಿಯವರು, "ಏನು ತಿಳಿಯಲಿಲ್ಲ?" ಎಂದು ಕೇಳಿದರು. "ನನಗೆ ಇದು ಬಾರದು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೇಳಿದ್ದು ಅಕ್ಷರದ ವಿಷಯ, ನೀವು ಹೇಳುತ್ತಿರುವುದು ನಿಮ್ಮ ವಿಷಯ. ಯಾವ ಅಕ್ಷರವೆಂದು ಹೇಳಿದರೆ ತೋರಿಸಿಕೊಡಬಲ್ಲೆ" ಎಂದರು. ಆ ದಿನ ಈ ಮಾತು ನನಗೆ ಕಟುವಾಗಿಯೇ ಕೇಳಿಸಿತು. ಮನೆಗೆ ಬಂದು ಯೋಚಿಸುತ್ತ ಹೋದಂತೆ, ನಮ್ಮ ಸಿದ್ಧಾಂತದ ಒಂದು ಮುಖ್ಯ ವಿವೇಕವೇ ಅದರಲ್ಲಿ ಅಡಗಿದೆ ಎಂದು ತೋರಿತು.

ಉಪನ್ಯಾಸಗಳಲ್ಲಿ ನಾವೆಲ್ಲ ಕೇಳಿದ್ದೇವೆ: ಪ್ರತ್ಯಕ್ಷಕ್ಕೆ ಸಾಧನವಾದ ಇಂದ್ರಿಯಗಳು ಏಳು. ಐದು ಜ್ಞಾನೇಂದ್ರಿಯಗಳು, ಮನಸ್ಸು, ಅವುಗಳ ಮೇಲೆ ಸಾಕ್ಷಿ. ಸಾಕ್ಷಿಯೆಂಬುದು ಜೀವನ ಸ್ವರೂಪಭೂತವಾದ ಇಂದ್ರಿಯ. ಸುಖ, ದುಃಖ, ತನ್ನ ಅಜ್ಞಾನ, ಕಾಲ ಮೊದಲಾದವನ್ನು ಅದು ನೇರವಾಗಿ ಅನುಭವಿಸಿ ತಿಳಿಯುತ್ತದೆ. ಅದರ ಅನುಭವದಲ್ಲಿ ದೋಷವಿಲ್ಲ. ತಲೆನೋವಿನಿಂದ ನರಳುತ್ತಿರುವವನಿಗೆ 'ನಿನಗೆ ನೋವಿದೆ ಎಂಬುದು ನಿಜವೇ?' ಎಂದು ಕೇಳಿದರೆ ಅವನು ಪ್ರಮಾಣವನ್ನು ಹುಡುಕಲು ಹೋಗುವುದಿಲ್ಲ. ಮನಸ್ಸು ಹಾಗಲ್ಲ. ಅದು ರಾಗದ್ವೇಷಗಳಿಂದ, ಭಯದಿಂದ, ಹಿಂದಿನ ಸಂಸ್ಕಾರಗಳಿಂದ ಕಲುಷಿತವಾಗಬಲ್ಲದು. ಅದು ಹೇಳಿದ್ದೆಲ್ಲ ನಿಜವಾಗಬೇಕಾಗಿಲ್ಲ.

ಈಗ ಪ್ರಕೃತಕ್ಕೆ ಬರೋಣ. 'ಈ ಅಕ್ಷರ ನನಗೆ ತಿಳಿಯದು' ಎಂಬುದು ಯಾರ ಮಾತು? ಇದು ಸಾಕ್ಷಿಯ ಮಾತು. ನನ್ನ ಅಜ್ಞಾನ ನನಗೆ ನೇರವಾಗಿ ಗೋಚರವಾಗುತ್ತಿದೆ. ಇದರಲ್ಲಿ ಭ್ರಮೆಗೆ ಅವಕಾಶವಿಲ್ಲ, ನಾಚಿಕೆಗೆ ಕಾರಣವೂ ಇಲ್ಲ. ಕಲಿಯುವುದಕ್ಕೆ ಮೊದಲ ಮೆಟ್ಟಿಲೇ ಇದು. ತಿಳಿಯದೆಂಬುದು ತಿಳಿಯದವನು ಕೇಳುವುದಾದರೂ ಏನನ್ನು? ಆದರೆ 'ನನಗೆ ಇದು ಬಾರದು' ಎಂಬುದು ಸಾಕ್ಷಿಯ ಮಾತಲ್ಲ. ಅದು ಮುಂದಿನ ಕಾಲದ ವಿಷಯ, ಶಕ್ತಿಯ ವಿಷಯ. ಅದು ಯಾರಿಗೂ ಅನುಭವಗೋಚರವಾಗಿರುವುದಿಲ್ಲ. ಆದುದರಿಂದ ಅದು ಮನಸ್ಸು ಮಾಡಿದ ಅನುಮಾನ. ವಿಚಿತ್ರವೆಂದರೆ, ಎರಡೂ ಒಂದೇ ಧ್ವನಿಯಲ್ಲಿ, ಒಂದೇ ಕ್ಷಣದಲ್ಲಿ ನಮ್ಮೊಳಗೆ ಕೇಳಿಸುವುದರಿಂದ ಎರಡನೆಯದಕ್ಕೂ ಮೊದಲನೆಯದರ ಪ್ರಾಮಾಣ್ಯವನ್ನೇ ಕೊಟ್ಟುಬಿಡುತ್ತೇವೆ. ತಮಿಳು ಲಿಪಿಯಲ್ಲಿ ಬರೆದ ಭಾರ, ಪಾರಗಳಂತೆ ಇವೆರಡು ನಮ್ಮ ಮನಸ್ಸಿನಲ್ಲಿ ಒಂದೇ ಬರಹವಾಗಿವೆ.

ಅನುಮಾನವಾದರೆ ಅದನ್ನು ಪರೀಕ್ಷಿಸಬೇಕು. ಹೇತುವೇನು? 'ಇಂದು ತಪ್ಪಿದ್ದೇನೆ' ಎಂಬುದು. ಸಾಧ್ಯವೇನು? 'ಎಂದಿಗೂ ಬಾರದು' ಎಂಬುದು. ಇವೆರಡಕ್ಕೂ ವ್ಯಾಪ್ತಿ ಉಂಟೇ? ತಪ್ಪಿದವರೆಲ್ಲರೂ ಕಲಿಯದೆ ಉಳಿದಿದ್ದರೆ ವ್ಯಾಪ್ತಿ ಇರುತ್ತಿತ್ತು. ಇಂದು ಸರಾಗವಾಗಿ ಓದುವವರಲ್ಲಿ ಒಂದು ದಿನವೂ ತಪ್ಪದೆ ಕಲಿತವರು ಯಾರು? ನಮ್ಮ ಉಪಾಧ್ಯಾಯಿನಿಯವರೂ ಒಂದು ದಿನ 'ಭ'ವನ್ನು 'ಬ' ಎಂದು ಓದಿಯೇ ಇರಬೇಕು. ಹೇತು ಅವರಲ್ಲಿಯೂ ಇದೆ, ಸಾಧ್ಯ ಅವರಲ್ಲಿ ಇಲ್ಲ. ಹೀಗಾಗಿ ಹೇತು ವ್ಯಭಿಚಾರಿಯಾಯಿತು, ಅನುಮಾನ ಬಿದ್ದುಹೋಯಿತು. ಇಷ್ಟು ದುರ್ಬಲವಾದ ವಾದವನ್ನು ಬೇರೆ ಯಾರಾದರೂ ನಮ್ಮ ಮಕ್ಕಳ ವಿಷಯದಲ್ಲಿ ಹೂಡಿದ್ದರೆ ನಾವು ಒಪ್ಪುತ್ತಿದ್ದೆವೇ? ನಮ್ಮ ವಿಷಯದಲ್ಲಿ ಮಾತ್ರ ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ. ಅಪರಾಧಿಯೂ ನಾನೇ, ವಾದಿಯೂ ನಾನೇ, ನ್ಯಾಯಾಧೀಶನೂ ನಾನೇ ಆದ ನ್ಯಾಯಸ್ಥಾನದಲ್ಲಿ ಬೇರೆ ತೀರ್ಪನ್ನು ನಿರೀಕ್ಷಿಸುವುದಾದರೂ ಹೇಗೆ?

ಮಕ್ಕಳಿಗಿಂತ ದೊಡ್ಡವರಲ್ಲಿ ಈ ರೋಗ ಹೆಚ್ಚು. ಅದಕ್ಕೆ ಕಾರಣವನ್ನು ಈ ಊರಿನಲ್ಲಿಯೇ ಕಾಣಬಹುದು. ಚೆನ್ನೈನಲ್ಲಿ ಮಾರ್ಗಶಿರ ಬಂತೆಂದರೆ ಸಭೆಗಳಲ್ಲಿ ಸಂಗೀತ ಕೇಳದ ಮನೆ ನಮ್ಮಲ್ಲಿ ವಿರಳ. ನಲವತ್ತು ವರ್ಷ ಉತ್ತಮೋತ್ತಮ ವಿದ್ವಾಂಸರನ್ನು ಕೇಳಿದ ಒಬ್ಬರು ನಿವೃತ್ತಿಯಾದ ಮೇಲೆ ಹಾಡಲು ಕಲಿಯಬೇಕೆಂದು ಕುಳಿತರೆ, ಮೊದಲ ದಿನವೇ ಅವರ ಕಿವಿ ಅವರ ಕಂಠವನ್ನು ಧಿಕ್ಕರಿಸುತ್ತದೆ. ಕಿವಿ ನಲವತ್ತು ವರ್ಷದ್ದು, ಕಂಠ ಒಂದು ದಿನದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅನ್ಯಾಯ. ನನಗಾದದ್ದೂ ಅದೇ. ಷಟ್ಪದಿಯ ಶುದ್ಧವಾದ ನಡೆ ಕಿವಿಯಲ್ಲಿ ಇದ್ದುದರಿಂದಲೇ ನನ್ನ ತಡವರಿಕೆ ನನಗೆ ಅಸಹ್ಯವಾಯಿತು. ಆ ಅಸಹ್ಯ ನಾನು ಅಯೋಗ್ಯನೆಂಬುದಕ್ಕೆ ಗುರುತಲ್ಲ. ಸರಿ ಯಾವುದೆಂದು ಆಗಲೇ ನನ್ನೊಳಗೆ ಬಂದು ಕುಳಿತಿದೆ ಎಂಬುದಕ್ಕೆ ಗುರುತು. ಸರಿಯನ್ನೇ ಅರಿಯದವನಿಗೆ ತನ್ನ ತಪ್ಪು ಕೇಳಿಸುವುದಿಲ್ಲ.

ಇಲ್ಲಿ ಶ್ರೀಪುರಂದರದಾಸರನ್ನು ನೆನೆಯಬೇಕು. ಇಂದಿಗೂ ಕರ್ಣಾಟಕ ಸಂಗೀತವನ್ನು ಕಲಿಯುವವರು ಮಾಯಾಮಾಳವಗೌಳದಲ್ಲಿ ಸರಳೆ ವರಸೆಯಿಂದ ಆರಂಭಿಸಿ, ಜಂಟಿ ವರಸೆ, ಸಪ್ತತಾಳದ ಅಲಂಕಾರ, ಪಿಳ್ಳಾರಿ ಗೀತೆಗಳ ಮೂಲಕ ಮುಂದುವರಿಯುವ ಕ್ರಮಕ್ಕೆ ದಾಸರೇ ಮೂಲಪುರುಷರೆಂದು ಸಂಗೀತಲೋಕ ಗೌರವಿಸುತ್ತದೆ. ಮೊದಲ ಪಾಠದಲ್ಲಿ ವಿದ್ಯಾರ್ಥಿ ಮಾಡಬೇಕಾದದ್ದು ಇಷ್ಟೇ: ಏಳು ಸ್ವರಗಳ ಮೆಟ್ಟಿಲನ್ನು ಹತ್ತುವುದು, ಇಳಿಯುವುದು. ಮೊದಲು ನಿಧಾನವಾಗಿ, ಆಮೇಲೆ ಇಮ್ಮಡಿ ವೇಗದಲ್ಲಿ, ಅನಂತರ ಅದರ ಇಮ್ಮಡಿಯಲ್ಲಿ. ಇಂಥ ಪಾಠಕ್ರಮ ಇದೆ ಎಂಬುದರ ಅರ್ಥವೇನು? ಬರುವವನಿಗೆ ಏನೂ ತಿಳಿದಿರುವುದಿಲ್ಲವೆಂದು ಗುರು ಮೊದಲೇ ಒಪ್ಪಿದ್ದಾನೆ. ಶಿಷ್ಯನ ಅಜ್ಞಾನಕ್ಕೆ ಗುರುವೇ ಸ್ಥಳವನ್ನು ಮೀಸಲಿಟ್ಟಿರುವಾಗ, ಶಿಷ್ಯ ಆ ಸ್ಥಳದಲ್ಲಿ ಕುಳಿತುಕೊಳ್ಳಲು ನಾಚುವುದು ಗುರುವಿಗೆ ಮಾಡಿದ ಅವಮಾನವೇ ಸರಿ.

ಹೊಸದಾಗಿ ಕುಳಿತು ಕಲಿತವರು ಸಾಮಾನ್ಯರು ಮಾತ್ರವಲ್ಲ. ತ್ರಿವಿಕ್ರಮ ಪಂಡಿತಾಚಾರ್ಯರ ಚರಿತ್ರೆ ನಮಗೆಲ್ಲ ತಿಳಿದದ್ದೇ. ಜಯಸಿಂಹರಾಜನ ಕಾಲದಲ್ಲಿ, ಇಂದಿನ ಕಾಸರಗೋಡಿನ ಸೀಮೆಯಲ್ಲಿ, ಮಹಾಪಂಡಿತರೆಂದು ಹೆಸರಾಗಿದ್ದ ಅವರು ಶ್ರೀಮದಾಚಾರ್ಯರೊಡನೆ 15 ದಿನ ವಾದ ಮಾಡಿ ಶಿಷ್ಯರಾದರೆಂದು ಸಂಪ್ರದಾಯ ಹೇಳುತ್ತದೆ. ಸೋತ ಪಂಡಿತರು ಮುಖ ಮುಚ್ಚಿಕೊಂಡು ಊರು ಬಿಡಲಿಲ್ಲ. ಎದುರಾಳಿಯ ಪೀಠದಿಂದ ಇಳಿದು ಶಿಷ್ಯನ ಮಣೆಯ ಮೇಲೆ ಕುಳಿತರು. ಆಚಾರ್ಯರೂ ಅವರನ್ನು ಸೋತವರೆಂದು ಕಾಣಲಿಲ್ಲ. ತಮ್ಮ ಬ್ರಹ್ಮಸೂತ್ರಭಾಷ್ಯಕ್ಕೆ ಟೀಕೆಯನ್ನು ಬರೆಯಲು ಅವರಿಗೇ ಆಜ್ಞಾಪಿಸಿದರು. ಅದೇ ತತ್ತ್ವಪ್ರದೀಪ.

ನಾವು ಪಾರಾಯಣ ಮಾಡುವ ಹರಿಕಥಾಮೃತಸಾರದ ಕರ್ತೃಗಳಾದ ಶ್ರೀಜಗನ್ನಾಥದಾಸರ ವೃತ್ತಾಂತವೂ ಇಂಥದೇ. ಮಾನವಿಯ ಸೀಮೆಯ ಬ್ಯಾಗವಾಟದಲ್ಲಿ ಜನಿಸಿ, ಶ್ರೀನಿವಾಸಾಚಾರ್ಯರೆಂಬ ಹೆಸರಿನಿಂದ ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರಾಗಿದ್ದ ಅವರು ವಿಜಯದಾಸರ ಕನ್ನಡದ ಮಾರ್ಗವನ್ನು ಮೊದಲು ಹಗುರವಾಗಿ ಕಂಡರು. ಉದರವ್ಯಾಧಿಯಿಂದ ಬಳಲಿ, ಪಶ್ಚಾತ್ತಾಪಗೊಂಡು, ಗೋಪಾಲದಾಸರ ಅನುಗ್ರಹದಿಂದ ಉಳಿದು ದಾಸರಾದರು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಪಾಂಡಿತ್ಯದ ಶಿಖರದಲ್ಲಿದ್ದವರು ಕನ್ನಡದಲ್ಲಿ ಮತ್ತೆ ಮೊದಲಿನಿಂದ ಹೆಜ್ಜೆಯಿಡಬೇಕಾಯಿತು. 'ನಾನು ಹೀಗೆ ನಡೆದುಕೊಂಡವನು, ಈ ಮಾರ್ಗ ನನಗಲ್ಲ' ಎಂದು ಅವರು ತೀರ್ಪು ಕೊಟ್ಟುಕೊಂಡಿದ್ದರೆ ನಮ್ಮ ಕೈಯಲ್ಲಿ ಈ ಗ್ರಂಥವೇ ಇರುತ್ತಿರಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ದಾಸರ ಪದಗಳ ತುಂಬ ಆತ್ಮನಿಂದೆಯೇ ಇದೆಯಲ್ಲವೇ? ತಾವು ಪಾಪಿಗಳು, ಮೂಢರು, ಏನನ್ನೂ ಸಾಧಿಸದವರು ಎಂದು ಅವರೇ ಹಾಡಿಕೊಂಡಿಲ್ಲವೇ? ಹಾಗಿದ್ದರೆ ತನ್ನನ್ನು ತಾನು ಹಳಿದುಕೊಳ್ಳುವುದು ಸದ್ಗುಣವೇ ಆಯಿತಲ್ಲ? ಈ ಸಂದೇಹ ನನ್ನನ್ನು ಬಹಳ ದಿನ ಕಾಡಿತು. ಸಮಾಧಾನವೆಂದು ತೋರಿದ್ದು ಇದು. ದಾಸರ ಆತ್ಮನಿಂದೆ ಯಾರನ್ನು ಕುರಿತದ್ದು? ಅದು ಶ್ರೀಹರಿಯ ಎದುರಿನಲ್ಲಿ, ಅವನನ್ನೇ ಸಂಬೋಧಿಸಿ ಆಡಿದ ಮಾತು. ಅದರ ಕೊನೆ ಶರಣಾಗತಿ. ನಮ್ಮ ಆತ್ಮನಿಂದೆ ನಮ್ಮನ್ನೇ ಕುರಿತದ್ದು, ಅಥವಾ ಪಕ್ಕದಲ್ಲಿ ಕುಳಿತವರಿಗೆ ಕೇಳಿಸಲೆಂದು ಆಡಿದ್ದು. ಅದರ ಕೊನೆ ಪುಸ್ತಕವನ್ನು ಮುಚ್ಚುವುದು. ಗುರುತಿಸುವುದಕ್ಕೆ ಪರೀಕ್ಷೆ ಸುಲಭ: ಹಳಿದುಕೊಂಡ ಮೇಲೆ ಕಾಲು ಎತ್ತ ನಡೆಯುತ್ತದೆ? ಸಾಧನೆಯ ಕಡೆಗೆ ಮರಳಿದರೆ ಅದು ವಿನಯ. ಬಾಗಿಲಿನ ಕಡೆಗೆ ನಡೆದರೆ ಅದು ವಿನಯದ ವೇಷ ತೊಟ್ಟ ಅಭಿಮಾನ. 'ನನ್ನಂಥವನು ತಪ್ಪಬಹುದೇ?' ಎಂಬ ಮಾತಿನಲ್ಲಿ ತಪ್ಪಿನ ದುಃಖಕ್ಕಿಂತ 'ನನ್ನಂಥವನು' ಎಂಬುದರ ತೂಕವೇ ಹೆಚ್ಚು. ಕನ್ನಡಕ ಮರೆತೆನೆಂದು ಹೇಳಿಸಿದ್ದು ಅದೇ ಅಭಿಮಾನ.

ಎರಡನೆಯ ಪೂರ್ವಪಕ್ಷ ನಮ್ಮ ಸಿದ್ಧಾಂತಕ್ಕೇ ವಿಶೇಷವಾದದ್ದು. ಜೀವರಲ್ಲಿ ತಾರತಮ್ಯ ಉಂಟು, ಪ್ರತಿಯೊಬ್ಬರ ಯೋಗ್ಯತೆಯೂ ಬೇರೆ ಎಂದು ನಾವು ಒಪ್ಪುತ್ತೇವೆ. ಹಾಗಾದರೆ 'ನನಗೆ ಯೋಗ್ಯತೆಯಿಲ್ಲ' ಎಂಬುದು ಸತ್ಯವೇ ಆಗಿರಬಾರದೇಕೆ? ಆಗಿರಬಹುದು. ಎಲ್ಲರಿಗೂ ಎಲ್ಲವೂ ಒಂದೇ ಸಮನಾಗಿ ಬಂದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಹುಡುಗಿಯಷ್ಟು ಬೇಗ ಓದಲು ನನಗೆ ಎಂದಿಗೂ ಆಗದಿರಬಹುದು. ಆದರೆ ನನ್ನ ಯೋಗ್ಯತೆಯ ಅಳತೆಯನ್ನು ಬಲ್ಲವನು ಅವನೊಬ್ಬನೇ. ಮೂರು ವಾರದ ಪಾಠದಿಂದ ಅದನ್ನು ನಾನೇ ಅಳೆದುಬಿಟ್ಟೆನೆಂದರೆ, ಸರ್ವಜ್ಞನ ಜ್ಞಾನವನ್ನು ನಾನು ನನ್ನದೆಂದು ಹೇಳಿಕೊಂಡಂತಾಯಿತು. ಅನಾದಿಕರ್ಮ, ಯೋಗ್ಯತೆ, ಪ್ರಯತ್ನ ಎಂಬ ಮೂರನ್ನು ಹಿರಿಯರು ಎಣಿಸುತ್ತಾರೆ. ಈ ಮೂರರಲ್ಲಿ ಮೊದಲೆರಡು ನನ್ನ ಕಣ್ಣಿಗೆ ಕಾಣವು. ನನ್ನ ಕೈಗೆ ಕೊಟ್ಟಿರುವುದು ಮೂರನೆಯದು, ಅದೂ ಅವನ ಅಧೀನವಾಗಿಯೇ. ಜೀವ ಕರ್ತನೇ ಅಲ್ಲವೆಂದು ನಮ್ಮವರು ಹೇಳುವುದಿಲ್ಲ. ಕರ್ತನೇ, ಆದರೆ ಪರಾಧೀನಕರ್ತ. ಕೊಟ್ಟ ಕೆಲಸವನ್ನು ಬಿಟ್ಟು, ಕೊಡದ ಲೆಕ್ಕವನ್ನು ಬರೆಯುತ್ತ ಕುಳಿತರೆ ಯಾವ ಯಜಮಾನ ಮೆಚ್ಚುತ್ತಾನೆ? ಅಲ್ಲದೆ ತಾರತಮ್ಯವನ್ನು ನಿಜವಾಗಿ ನಂಬಿದವನಿಗೆ ಪಕ್ಕದವರೊಡನೆ ಹೋಲಿಸಿಕೊಳ್ಳುವ ಚಪಲವೇ ಇರಬಾರದು. ಪಾತ್ರೆಗಳು ಬೇರೆಬೇರೆಯೆಂದ ಮೇಲೆ, ನನ್ನ ಪಾತ್ರೆ ತುಂಬಿತೇ ಎಂಬುದಷ್ಟೇ ಪ್ರಶ್ನೆ. ಅವಳ ಪಾತ್ರೆಯ ನೀರನ್ನು ನಾನು ಅಳೆಯುವುದೇಕೆ?

ಮೂರನೆಯದು, ವರ್ಗದಲ್ಲಿಯೇ ಒಬ್ಬರು ಕೇಳಿದ ಪ್ರಶ್ನೆ. ತನ್ನನ್ನು ತಾನು ಹಳಿದುಕೊಳ್ಳಬೇಡ ಎಂದರೆ ಹೇಗೆ ಓದಿದರೂ ನಡೆಯುತ್ತದೆ ಎಂದಾಗುವುದಿಲ್ಲವೇ? ಸ್ವರವರ್ಣಗಳ ಶುದ್ಧಿಗೆ ನಮ್ಮಲ್ಲಿ ಅಷ್ಟು ಪ್ರಾಶಸ್ತ್ಯವಿದೆಯಲ್ಲ? ನಿಜ. ತಪ್ಪು ತಪ್ಪೇ. 'ಭ'ವನ್ನು 'ಬ' ಎಂದು ಓದಿದರೆ ತಿದ್ದಬೇಕು, ಹತ್ತು ಸಲವಾದರೂ ತಿದ್ದಬೇಕು. ಆದರೆ ತಿದ್ದಬೇಕಾದದ್ದು ಅಕ್ಷರವನ್ನು. ಹಳಿದುಕೊಳ್ಳುವವನು ಅಕ್ಷರವನ್ನು ತಿದ್ದುವುದಿಲ್ಲ, ಅವನಿಗೆ ಅಷ್ಟು ವ್ಯವಧಾನವೆಲ್ಲಿ? ಮನಸ್ಸೆಲ್ಲ 'ನಾನು ಎಂಥವನು' ಎಂಬ ವಿಚಾರದಲ್ಲಿ ಮುಳುಗಿರುವಾಗ ಕಣ್ಣು ಆ ಸಣ್ಣ ಸೀಳನ್ನು ಹೇಗೆ ಕಂಡೀತು? ನನ್ನ ಅನುಭವದಲ್ಲಿ, ನಾಚಿಕೆ ಹೆಚ್ಚಾದ ದಿನಗಳಲ್ಲಿಯೇ ತಪ್ಪುಗಳೂ ಹೆಚ್ಚಾಗಿವೆ.

ಈ ವಿಷಯದಲ್ಲಿ ನಮ್ಮ ನಿತ್ಯಕರ್ಮವೇ ನಮಗೆ ಉಪಾಧ್ಯಾಯ. ಪೂಜೆಯ ಕೊನೆಯಲ್ಲಿ ಮಂತ್ರಲೋಪ, ಕ್ರಿಯಾಲೋಪ, ಭಕ್ತಿಲೋಪಗಳನ್ನು ಭಗವಂತನಲ್ಲಿ ಒಪ್ಪಿಸಿಕೊಂಡು ಕ್ಷಮೆ ಬೇಡುತ್ತೇವೆ. ಅಚ್ಯುತ, ಅನಂತ, ಗೋವಿಂದ ಎಂಬ ನಾಮತ್ರಯವನ್ನು ಜಪಿಸಿ ಕೃಷ್ಣಾರ್ಪಣವೆಂದು ನೀರು ಬಿಡುತ್ತೇವೆ. ಲೋಪವಾಗಿಯೇ ಆಗುತ್ತದೆ ಎಂದು ಹಿರಿಯರು ಬಲ್ಲವರಾಗಿದ್ದರು. ಆದುದರಿಂದಲೇ ಅದಕ್ಕೆ ಒಂದು ಸ್ಥಾನವನ್ನೂ ಕಾಲವನ್ನೂ ಗೊತ್ತುಮಾಡಿದರು. ಸ್ಥಾನ ಕರ್ಮದ ಕೊನೆ, ನಡುವೆ ಅಲ್ಲ. ಕಾಲ ಮೂರು ನಾಮಗಳಷ್ಟು, ದಿನವೆಲ್ಲ ಅಲ್ಲ. ಇಂದಿನ ಪೂಜೆಯಲ್ಲಿ ಲೋಪವಾಯಿತೆಂದು ನಾಳೆಯ ಪೂಜೆಯನ್ನು ಬಿಟ್ಟವರನ್ನು ನಾನು ಕಂಡಿಲ್ಲ. ದೇವರ ಮನೆಯಲ್ಲಿ ದಿನವೂ ಮಾಡುವ ಈ ಕೆಲಸವನ್ನು ಪಾಠದ ಮಣೆಯ ಮೇಲೆ ಮಾಡಲು ನಮಗೆ ಹೊಳೆಯುವುದಿಲ್ಲ. ಈಗ ನಾನು ಹೀಗೆ ಮಾಡುತ್ತೇನೆ. ಓದುವಾಗ ತಪ್ಪಾದರೆ ಆ ಅಕ್ಷರದ ಹೆಸರನ್ನು ಮಾತ್ರ ಗಟ್ಟಿಯಾಗಿ ಹೇಳಿ, ತಿದ್ದಿಸಿಕೊಂಡು ಮುಂದೆ ಹೋಗುತ್ತೇನೆ. ಪಾಠದ ಕೊನೆಯಲ್ಲಿ ಆದದ್ದನ್ನೂ ಆಗದದ್ದನ್ನೂ ಸೇರಿಸಿ ಒಪ್ಪಿಸುತ್ತೇನೆ. ಒಪ್ಪಿಸಿದ್ದನ್ನು ಮರಳಿ ಮನೆಗೆ ಹೊತ್ತುಕೊಂಡು ಹೋಗಬಾರದಷ್ಟೆ.

ಕೆಲವು ತಿಂಗಳುಗಳು ಕಳೆದ ಮೇಲೆ ಒಂದು ಏಕಾದಶಿಯ ದಿನ ಪಾರಾಯಣದಲ್ಲಿ ನಾನಾಗಿಯೇ ಒಂದು ಪದ್ಯವನ್ನು ಕೇಳಿ ಪಡೆದು ಓದಿದೆ. ಎರಡು ಕಡೆ ನಿಂತೆ. ಒಂದು ಒತ್ತಕ್ಷರವನ್ನು ತಪ್ಪಾಗಿ ಓದಿದೆ. ಹುಡುಗಿ ಮೆಲ್ಲಗೆ ತಿದ್ದಿದಳು. ಮುಂದಿನವರು ಮುಂದಿನ ಪದ್ಯವನ್ನು ಓದಿದರು. ನಡೆದದ್ದು ಇಷ್ಟೇ. ಇದಕ್ಕೆ ಹೆದರಿ ಇಷ್ಟು ವರ್ಷ ತುಟಿ ಆಡಿಸುತ್ತ ಕುಳಿತಿದ್ದೆನೇ ಎಂದು ನನಗೇ ಆಶ್ಚರ್ಯವಾಯಿತು.

ಆದರೆ ಎಲ್ಲರ ಕಥೆಯೂ ಹೀಗಾಗಲಿಲ್ಲ. ನಮ್ಮ ವರ್ಗದಲ್ಲಿ ನನಗಿಂತ ಹಿರಿಯರಾದ ಒಬ್ಬ ತಾಯಿ ಇದ್ದರು. ಅವರ ಅತ್ತೆಯವರು ಕನ್ನಡದಲ್ಲಿ ಬರೆದಿಟ್ಟ ಹಾಡಿನ ಪುಸ್ತಕವೊಂದು ಮನೆಯಲ್ಲಿದೆ. ಅದನ್ನು ಓದಬೇಕೆಂಬ ಆಸೆಯಿಂದಲೇ ಅವರು ಬಂದವರು. ಐದನೆಯ ವಾರದಿಂದ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. "ಈ ತಲೆಗೆ ಇನ್ನು ಹತ್ತದು" ಎಂದರು. ಮೇಲೆ ಬರೆದದ್ದನ್ನೆಲ್ಲ ನನಗೆ ತೋಚಿದಂತೆ ಹೇಳಿದೆ. ನಕ್ಕು ಕಾಫಿ ಕೊಟ್ಟರು, ಇನ್ನೂ ಬಂದಿಲ್ಲ. ಆ ಪುಸ್ತಕ ಅವರ ಕಪಾಟಿನಲ್ಲಿ ಹಾಗೆಯೇ 'ಬಾರದು' ಎಂಬ ಒಂದು ಶಬ್ದದ ಹಿಂದೆ ಬೀಗ ಹಾಕಿಕೊಂಡು ಕುಳಿತಿದೆ.

ಈ ಲೇಖನವನ್ನು ನಾನು ಬಾಯಲ್ಲಿ ಹೇಳಿದೆ, ಉಪಾಧ್ಯಾಯಿನಿಯವರು ಬರೆದುಕೊಂಡರು. ಆಮೇಲೆ ಅದನ್ನು ನನ್ನ ಕೈಯಿಂದಲೇ ಪ್ರತಿ ಮಾಡಿದೆ. ಪ್ರತಿಯ ಮೇಲೆ ಅವರ ಕೆಂಪು ಶಾಯಿ ಸಾಕಷ್ಟು ಬಿದ್ದಿದೆ. ಪತ್ರಿಕೆ ಆ ತಾಯಿಯವರ ಮನೆಗೂ ಹೋಗುತ್ತದೆ. ಅವರಿಗೆ ಇದನ್ನು ಓದಲಾಗದು. ಅವರಂಥವರು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಇದ್ದಾರೆ. ಆದುದರಿಂದ ಓದಬಲ್ಲ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಇದನ್ನು ಓದಿ ಮುಗಿಸಿದ ಮೇಲೆ ಅವರ ಬಳಿ ಕುಳಿತು ಒಮ್ಮೆ ಗಟ್ಟಿಯಾಗಿ ಓದಿ ಹೇಳಿರಿ. ಓದುವಾಗ ಬೆರಳನ್ನು ಅಕ್ಷರಗಳ ಕೆಳಗೆ ಇಟ್ಟುಕೊಂಡು ಓದಿರಿ. ಅವರು ಯಾವುದಾದರೂ ಅಕ್ಷರವನ್ನು ತೋರಿಸಿ 'ಇದು ಯಾವುದು?' ಎಂದು ಕೇಳಿದರೆ, ಆ ದಿನಕ್ಕೆ ಅಷ್ಟು ಸಾಕು.

ಶ್ರೀಕೃಷ್ಣಾರ್ಪಣಮಸ್ತು.